ಸೆಲ್ವಿಯ ತೊಡೆ, ಮುರಳಿ ಸಾರ್ ಕಾಲು

ಮೊಮ್ಮಕ್ಕಳೇ, ಕೆಲಸ ಬಿಡುವ ಹಿಂದಿನ ವರ್ಷ ನಾನು ಮದ್ರಾಸಿನ ನುಂಗಂಬಾಕ್ಕಂನ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿದ್ದೆ. ಓದಿದ್ದು ಊರ ಶಾಲೆಯಲ್ಲಿ, ಏಳನೇ ತರಗತಿವರೆಗೆ. ನಿಮ್ಮ ತಾತ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಮೊದಲು ಮಂಚ ಒರೆಸುತ್ತಾ, ಆಮೇಲೆ ರೋಗಿಗಳ ಕೈಕಾಲು ಹಿಡಿಯುತ್ತಾ ಹದಿನೇಳು ವರ್ಷದಲ್ಲಿ ಕೆಲಸ ಕಲಿತೆ. ನಾಲ್ಕು ಜನರೆದುರು ಮಾತಾಡಲು ಇವತ್ತಿಗೂ ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ತಿರುವೊಟ್ಟಿಯೂರಿನಿಂದ ಸೆಲ್ವಿ ಬಂದಳು. ಇಪ್ಪತ್ತೊಂದರ ಹುಡುಗಿ. ಪೊಲೀಸ್ ಆಯ್ಕೆಯ ಓಟಕ್ಕೆ ಆರು ವಾರ ಉಳಿದಿತ್ತು. ತೊಡೆಯ ಹಿಂಭಾಗದ ಸ್ನಾಯುಗಳನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಅವಳದು ಒಣಗಿದ ಹಗ್ಗದಂತೆ ಬಿಗಿದಿತ್ತು. ಮಲಗಿಸಿ, ತೊಡೆ ನೆಟ್ಟಗೆ ನಿಲ್ಲಿಸಿ ಮೊಣಕಾಲು ಬಿಡಿಸಿದರೆ, ಕಾಲು ಪೂರ್ತಿ ನೇರವಾಗಲು ಮೂವತ್ತೆಂಟು ಡಿಗ್ರಿ ಕಡಿಮೆ.

ನಾನು ಮಾಡಿಸುತ್ತಿದ್ದುದು ಹೋಲ್ಡ್-ರಿಲ್ಯಾಕ್ಸ್ ಎಂಬ ವಿಧಾನ. ಎಳೆತ ತಿಳಿಯುವಷ್ಟು ಕಾಲೆತ್ತಿ ನನ್ನ ಹೆಗಲಿಗಿಡುವುದು. ಅವಳು ಹಿಮ್ಮಡಿಯಿಂದ ಆರು ಸೆಕೆಂಡ್ ಹೆಗಲನ್ನು ಮೆಲ್ಲಗೆ ಒತ್ತಿ ಸಡಿಲ ಬಿಡಬೇಕು. ಆಗ ಸ್ನಾಯು ತಾನಾಗಿ ಇನ್ನಷ್ಟು ಜಾಗ ಕೊಡುತ್ತದೆ. ಅಲ್ಲಿ ಮೂವತ್ತು ಸೆಕೆಂಡ್ ಹಿಡಿಯುವುದು. ಹೀಗೆ ಮೂರು ಸಲ. ಮನೆಯಲ್ಲಿ ಪಾದಕ್ಕೆ ಟವೆಲ್ ಸುತ್ತಿ ಅವಳೇ ಮಾಡಿಕೊಳ್ಳಬೇಕಿತ್ತು. ಎರಡು ವಾರದಲ್ಲಿ ಮೂವತ್ತೆಂಟು ಇಪ್ಪತ್ತನಾಲ್ಕಕ್ಕೆ ಇಳಿಯಿತು.

ಮುರಳಿ ಸಾರ್‌ಗೆ ಅದು ಸಾಲಲಿಲ್ಲ. ಅವನು ಡಿಗ್ರಿ ಪಡೆದ ಥೆರಪಿಸ್ಟ್. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ನಮ್ಮ ಕನ್ನಡದವರ ಮನೆಯ ಹುಡುಗ. ನನ್ನ ಮಗನಿಗಿಂತ ಚಿಕ್ಕವನು. "ಪಕ್ಕಕ್ಕೆ ಸರ್ಕೊಳ್ಳಿ ಅಮ್ಮಾ, ನಿಮ್ ವೇಗದಲ್ಲಿ ಇವಳು ಅಜ್ಜಿ ಆದ್ಮೇಲೇ ಓಡೋದು," ಎಂದು ನನ್ನನ್ನು ಸರಿಸಿ ಸೆಲ್ವಿಯ ಕಾಲು ಹಿಡಿದ. ಅವಳು "ವಲಿಕ್ಕುದು ಸಾರ್" ಎಂದು ಮಂಚದ ಅಂಚು ಹಿಡಿದುಕೊಂಡಳು. ನೋವಾಗುತ್ತಿದೆ ಎಂದರೂ ಬಿಡಲಿಲ್ಲ. ಹತ್ತು ಎಣಿಸುವವರೆಗೆ ಕಾಲು ಬಿಡುವುದಿಲ್ಲ ಎನ್ನುತ್ತಾ ಜಗ್ಗಿ ಜಗ್ಗಿ ಒತ್ತಿದ. ಏಳಕ್ಕೆ ಅವಳು ಕಿರುಚಿದಳು. ಮರುದಿನ ತೊಡೆಯ ಹಿಂದೆ ಅಂಗೈಯಗಲ ನೀಲಿ ಬಾವು.

ನಮ್ಮಲ್ಲಿ ಒಡತಿಗೆ ತಿಳಿಯದ ಒಂದು ರೂಢಿಯಿತ್ತು. ಚಿಕಿತ್ಸೆ ಯಾರೇ ಮಾಡಲಿ, ರೋಗಿಯ ಕಾರ್ಡ್ ತುಂಬಿ ಸಹಿ ಹಾಕುವುದು ಸಹಾಯಕಿ. ಆ ದಿನವೂ ನಾನೇ ಹಾಕಿದ್ದೆ. ಕ್ಲಿನಿಕ್ಕಿನ ಒಡತಿ ಡಾಕ್ಟರಮ್ಮ ಕೇಳಿದಾಗ ಅವನು ಆ ಕಾರ್ಡ್ ತೋರಿಸಿ ತಪ್ಪನ್ನು ನನ್ನ ಮೇಲೆ ಹಾಕಿದ. "ಅಮ್ಮಾಗೆ ಏನ್ ತೆರಿಯುಂ, ಏನ್ ಗೊತ್ತು ಡಾಕ್ಟರ್, ಹಳ್ಳಿ ಸ್ಕೂಲು" ಎಂದ. ನಾನು ಕಾರ್ಡಿನ ಮೇಲಿನ ನನ್ನ ಸಹಿಯನ್ನೇ ನೋಡುತ್ತಾ ನಿಂತೆ. ಸೆಲ್ವಿಯೂ ತಲೆ ತಗ್ಗಿಸಿದಳು. ಸಾರ್ ಕೈಬಿಟ್ಟರೆ ಗತಿಯೇನು ಎಂಬ ಭಯ ಅವಳಿಗೆ.

ಅಂದಿನಿಂದ ಶನಿವಾರದವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ದುಃಖಕ್ಕಲ್ಲ, ಸಿಟ್ಟಿಗೆ. ಅವನು ಟೀ ಕುಡಿಯುವುದನ್ನು, ಕುರ್ಚಿಯಲ್ಲಿ ಕಾಲು ಚಾಚುವುದನ್ನು ನೋಡುತ್ತಲೇ ಇದ್ದೆ. ಇಡೀ ದಿನ ಕೂತಿರುವ ಅವನು ಬಗ್ಗಲಾಗದೆ, ಬಿದ್ದ ಪೆನ್ನು ಎತ್ತಲೂ ಮಂಡಿಯೂರುತ್ತಿದ್ದ.

ರೋಗಿಗೆ ಪೆಟ್ಟಾದರೆ, ಮಾಡಿದವರು ಶನಿವಾರ ಎಲ್ಲರೆದುರು ಜೊತೆಯವರೊಬ್ಬರ ಮೇಲೆ ಅದನ್ನೇ ಮಾಡಿ ತೋರಿಸಬೇಕೆಂಬುದು ಡಾಕ್ಟರಮ್ಮನ ನಿಯಮ. ಅದಾದ ಮೇಲೆ ನನ್ನನ್ನು ಕೆಲಸದಿಂದ ತೆಗೆಯುವುದು ಬಹುತೇಕ ನಿಶ್ಚಯವಾಗಿತ್ತು. ಪಕ್ಕದ ಮಂಚದಲ್ಲಿ ಸೆಲ್ವಿ ಐಸ್ ಇಟ್ಟುಕೊಂಡು ಮಲಗಿದ್ದಳು. ಯಾರು ಮಲಗುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಮುರಳಿ ನಗುತ್ತಾ ಮುಂದೆ ಬಂದ. "ನಾನೇ ಮಲಗ್ತೀನಿ. ಅಮ್ಮಾ ಕೈಯಲ್ಲಿ ಎಷ್ಟು ಬಲ ಇದೆ ನೋಡೋಣ."

ನಾನು ಅವನ ಕಾಲೆತ್ತಿ ಹೆಗಲಿಗಿಟ್ಟೆ. ಸೆಲ್ವಿಯದಕ್ಕಿಂತ ಬಿಗಿ. ಅವನು ಮಾಡಿದಂತೆಯೇ ಎಣಿಸುತ್ತಾ ಜಗ್ಗಿ ಒತ್ತಿದೆ. ನಾಲ್ಕಕ್ಕೆ ಅವನ ನಗು ನಿಂತಿತು. ಐದಕ್ಕೆ ಬಿಡಿ ಎಂದ.

"ಹತ್ತು ಎಣಿಸೋ ತನಕ ಬಿಡಬಾರದು ಸಾರ್," ಎಂದೆ. ಇಡೀ ಕೋಣೆಗೆ ಕೇಳುವಂತೆ ನಾನು ಆಡಿದ ಮೊದಲ ಮಾತು ಅದು.

ಪಕ್ಕದಿಂದ ಸೆಲ್ವಿ ಎದ್ದು ಕೂತಳು. ಡಾಕ್ಟರಮ್ಮನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು: "ಮೇಡಂ, ಸಾರ್ ನನಗೆ ಹೇಳಿದ್ದೂ ಇದೇ. ಹೀಗೇ ಒತ್ತಿದ್ದು. ಈ ಅಮ್ಮ ಅವತ್ತು ನನ್ನನ್ನು ಮುಟ್ಟಲೇ ಇಲ್ಲ."

ನಾನು ಏಳಕ್ಕೆ ಬಿಟ್ಟೆ. ಮುರಳಿ ಎದ್ದು ನಿಲ್ಲಲು ಮಂಚ ಹಿಡಿಯಬೇಕಾಯಿತು. ಸೆಲ್ವಿಗೆ ಅಷ್ಟು ನೋವಾಗುತ್ತದೆ ಎಂದು ಗೊತ್ತಾಗಲಿಲ್ಲ ಡಾಕ್ಟರ್ ಎಂದು ಮತ್ತೆ ಮತ್ತೆ ಹೇಳಿದ. ನಾಲ್ಕು ದಿನ ಕುಂಟಿದ, ತಿಂಗಳ ಕೊನೆಗೆ ಕ್ಲಿನಿಕ್ ಬಿಟ್ಟ. ನನ್ನ ಕೆಲಸ ಉಳಿಯಿತು. ಸೆಲ್ವಿಯ ಓಟ ಮಾತ್ರ ಆ ವರ್ಷ ತಪ್ಪಿಹೋಯಿತು.

ಕುಂಟುವವನನ್ನು ನೋಡಿ ನನಗೆ ಸಂತೋಷವಾಗಿತ್ತು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಆ ಕೆಲಸ ನನಗೆ ಕಲಿಸಿದ್ದು ಬೇರೆ. ಸ್ನಾಯು ಇನ್ನು ಸಾಕು ಎಂದಾಗ ಹಿಡಿದ ಕೈಗೆ ಅದು ತಿಳಿಯುತ್ತದೆ. ಡಿಗ್ರಿ ಇದ್ದರೂ ತಿಳಿಯುತ್ತದೆ, ಇಲ್ಲದಿದ್ದರೂ ತಿಳಿಯುತ್ತದೆ. ಅವನ ಕಾಲು ಐದಕ್ಕೇ ಸಾಕು ಎಂದಿತ್ತು. ನನಗೆ ಗೊತ್ತಾಗಿತ್ತು, ಗೊತ್ತಾದ ಮೇಲೂ ಇನ್ನೆರಡು ಎಣಿಸಿದೆ. ಹಾಗಾದರೆ ಸೆಲ್ವಿಯ ಕಾಲು ಹಿಡಿದಿದ್ದಾಗ ಅವನಿಗೂ ಗೊತ್ತಾಗಿತ್ತು.