ಅಚ್ಚಿನ ಕಿಡ್ನಿಗೆ ಕಾದ ದಿನಗಳು

ಒಂದು ಬೆಳಿಗ್ಗೆ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಕಮ್ಮನಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು ನಾನು. ದಿನವಿಡೀ ನಿಂತೇ ಇರುವವಳಿಗೆ ಪಾದ ಊದುವುದು ದೊಡ್ಡ ಸಂಗತಿ ಎನಿಸಲಿಲ್ಲ. ಆಮೇಲೆ ಮುಖ ಊದಿತು. ಊಟ ಸೇರದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಗಂಡ ಲೋಕೇಶ್ ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಇಂದಿರಾನಗರದ ಆಸ್ಪತ್ರೆಯ ಕಿಡ್ನಿ ಡಾಕ್ಟರು ಸ್ಕ್ಯಾನ್ ನೋಡಿ, "ಎರಡೂ ಕಿಡ್ನಿ ಶ್ರಿಂಕ್ ಆಗ್ಬಿಟ್ಟಿವೆ, ಮಂಜುಳಾ. ಇವತ್ತೇ ಅಡ್ಮಿಟ್ ಆಗಿ" ಎಂದರು.

ನನಗೆ ಎಲ್ಲೂ ನೋವೇ ಇರಲಿಲ್ಲ.

ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಹೊರಮಾವಿನ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ. ಸೂಜಿ ಚುಚ್ಚಿದ ಕೈಯನ್ನು ಅಲುಗಿಸುವಂತಿಲ್ಲ, ಆದರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಮಂಡಿಯ ಕೆಳಗೆ ಇರುವೆ ಹರಿದಂತೆ. ಮಡಚುವುದು, ಚಾಚುವುದು, ಮತ್ತೆ ಮಡಚುವುದು. ಮೈಯೆಲ್ಲ ತುರಿಕೆ. ನೀರು ಅಳತೆಯಲ್ಲಿ ಕುಡಿಯಬೇಕು. ಪಕ್ಕದವರು ಎಳನೀರು ಹೀರಿದರೆ ಅಳು ಬರುತ್ತಿತ್ತು. ಎಲ್ಲಿ ಕೂತರೂ ಅಲ್ಲಿಂದ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ನಿಲ್ಲಲು ಶಕ್ತಿ ಇರುತ್ತಿರಲಿಲ್ಲ.

ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ ಎಂದರು ಡಾಕ್ಟರು. ಲೋಕೇಶ್‌ಗೆ ಸಕ್ಕರೆ ಕಾಯಿಲೆ. ನನ್ನ ತವರಿನಲ್ಲಿ ಅಮ್ಮ ಇಲ್ಲ, ಅಪ್ಪನದು ದುರ್ಬಲ ಹೃದಯ. ಆಗ ಅತ್ತೆ ನಂಜಮ್ಮ ಸೊಪ್ಪು ಬಿಡಿಸುತ್ತಲೇ, "ನನ್ದು ತಗೊಳ್ಳಿ" ಎಂದರು.

ಬೇಡ ಎಂದುಬಿಟ್ಟೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮಿಬ್ಬರ ಮಾತು ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ. ಅವರ ಮೈ ಕೊಯ್ಯಿಸಿ ನಾನು ಬದುಕುವುದನ್ನು ನೆನೆಸಿಕೊಂಡರೇ ಮೈ ಮುದುಡುತ್ತಿತ್ತು. ಜೊತೆಗೆ ನನಗೆ ಬೇರೊಂದು ಆಸೆ ಹುಟ್ಟಿತ್ತು. ಡಯಾಲಿಸಿಸ್ ಕುರ್ಚಿಯಲ್ಲಿ ಫೋನ್ ತಿರುವುತ್ತಾ ಬಯೋಪ್ರಿಂಟಿಂಗ್ ಬಗ್ಗೆ ಓದಿದ್ದೆ. ರೋಗಿಯದೇ ಜೀವಕೋಶಗಳನ್ನು ಬೆಳೆಸಿ, ಯಂತ್ರದಲ್ಲಿ ಪದರ ಪದರವಾಗಿ ಜೋಡಿಸಿ, ಹೊಸ ಅಂಗ ಅಚ್ಚು ಹಾಕುತ್ತಾರಂತೆ. ಯಾರನ್ನೂ ಕೊಯ್ಯಬೇಕಿಲ್ಲ. ನನ್ನ ಕಿಡ್ನಿ ನನ್ನದೇ ಆಗಿರುತ್ತದೆ. ಕೆಲವು ವರ್ಷ ಹೇಗೋ ತಳ್ಳಿದರಾಯಿತು ಎಂದು ಹಟ ಹಿಡಿದೆ. ಲೋಕೇಶ್ ಹೇಳಿದರೂ ಕೇಳಲಿಲ್ಲ, ಡಾಕ್ಟರು ಹೇಳಿದರೂ ಕೇಳಲಿಲ್ಲ.

ಚಿಕ್ಕಮ್ಮನ ಮಗಳು ಶ್ವೇತಾ ಇಂಥದೇ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಬೀದಿಯಲ್ಲಿ. ತೋರಿಸು ಎಂದು ಪೀಡಿಸಿದೆ. ಒಬ್ಬಳನ್ನೇ ಕಳಿಸಲು ಒಪ್ಪದೆ ಅತ್ತೆಯೂ ಆಟೊ ಹತ್ತಿದರು.

ಗಾಜಿನಾಚೆ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಸೂಜಿಯ ತುದಿಯಿಂದ ನಸುಗೆಂಪು ಜೆಲ್ ನೂಲಿನ ಹಾಗೆ ಇಳಿದು ಒಂದರ ಮೇಲೊಂದು ಕೂರುತ್ತಿತ್ತು. ನಾನು ಉಸಿರು ಹಿಡಿದು ನೋಡಿದೆ. ಆಮೇಲೆ ಶ್ವೇತಾ ಒಂದು ಪುಟ್ಟ ತಟ್ಟೆ ತೋರಿಸಿದಳು. ಅದರಲ್ಲಿ ತೊಗರಿಬೇಳೆಯಷ್ಟು ಏನೋ ಇತ್ತು.

"ಇದು ಕಿಡ್ನಿ ಟಿಶ್ಯೂ ಅಕ್ಕ. ಹೊಸ ಔಷಧಿ ಟೆಸ್ಟ್ ಮಾಡೋಕೆ ಯೂಸ್ ಮಾಡ್ತೀವಿ."

ಅತ್ತೆ ಬಗ್ಗಿ ನೋಡಿದರು. "ಇದು ಉಚ್ಚೆ ಮಾಡ್ತೈತಾ?"

ಶ್ವೇತಾ ನನ್ನ ಮುಖ ನೋಡಿದಳು. "ಇಲ್ಲಮ್ಮ. ಒಳಗಡೆ ರಕ್ತನಾಳ ಎಲ್ಲಾ ಕೂಡ್ಬೇಕು. ಕೂದಲಿಗಿಂತ ಸಣ್ಣವು, ಲಕ್ಷಾಂತರ. ಅದು ಇನ್ನೂ ಯಾರಿಗೂ ಆಗಿಲ್ಲ."

"ಯಾವಾಗ ಆಗುತ್ತೆ?" ಎಂದೆ.

"ಗೊತ್ತಿಲ್ಲ ಅಕ್ಕ. ನಿಂಗೆ ಸುಳ್ಳು ಹೇಳಕ್ಕಾಗಲ್ಲ."

ವಾಪಸು ಬರುವಾಗ ಆಟೊ ಸಿಗ್ನಲ್‌ನಲ್ಲಿ ನಿಂತೇಬಿಟ್ಟಿತು. ಸುತ್ತ ಹಾರ್ನ್, ಹೊಗೆ. ನನ್ನ ಕಾಲು ಕುಣಿಯತೊಡಗಿತು. ಅತ್ತೆ ನನ್ನ ಮಂಡಿಯ ಮೇಲೆ ಕೈ ಒತ್ತಿ ಹಿಡಿದರು. ಅಲ್ಲಿಯವರೆಗೆ ಅವರು ನನ್ನನ್ನು ಮುಟ್ಟಿದ ನೆನಪಿಲ್ಲ.

"ನನ್ದು ಮಾಡ್ತೈತೆ ಕಣಮ್ಮ" ಎಂದರು.

ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಟೊದವನು ಕನ್ನಡಿಯಲ್ಲಿ ನೋಡಿ ಕಣ್ಣು ತಿರುಗಿಸಿದ.

ಪರೀಕ್ಷೆಗಳು ನಡೆದವು. ರಕ್ತದ ಗುಂಪು ಹೊಂದಿತು. ಅತ್ತೆಯ ಕಿಡ್ನಿ ನಲವತ್ತರವರ ಹಾಗಿದೆ ಎಂದು ಡಾಕ್ಟರೇ ಬೆರಗಾದರು. ಆದರೆ ಕಾನೂನಿನ ಕಣ್ಣಿಗೆ ಸೊಸೆ ಹತ್ತಿರದ ಸಂಬಂಧಿಯಲ್ಲ. ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯ ಮುಂದೆ ಹೋಗಬೇಕಾಯಿತು. ಅವರು ಆಗದು ಎಂದುಬಿಟ್ಟರೆ? ಆ ದಿನಗಳಲ್ಲಿ ಊಟ ತಟ್ಟೆಯಲ್ಲೇ ಆರುತ್ತಿತ್ತು.

"ಯಾರಾದ್ರೂ ನಿಮಗೆ ಒತ್ತಾಯ ಮಾಡಿದ್ರಾ?" ಸಮಿತಿಯವರು ಅತ್ತೆಯನ್ನು ಕೇಳಿದರು.

"ಒತ್ತಾಯ ಮಾಡಿದ್ದು ನಾನು ಸ್ವಾಮಿ. ಇವಳೇ ಒಪ್ತಿರ್ಲಿಲ್ಲ."

ಒಪ್ಪಿಗೆ ಸಿಕ್ಕಿತು.

ಆಪರೇಷನ್ ಆದ ಮೇಲೆ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು ಅತ್ತೆ ಹೇಗಿದ್ದಾರೆಂದು. ಚೆನ್ನಾಗಿದ್ದಾರೆ, ಕಾಫಿ ಕೊಡಲಿಲ್ಲವೆಂದು ನರ್ಸ್ ಜೊತೆ ಜಗಳ ಆಡುತ್ತಿದ್ದಾರೆ ಎಂದರು ಲೋಕೇಶ್. ನಗಲು ಹೋಗಿ ಹೊಲಿಗೆ ಎಳೆಯಿತು.

ಮನೆಗೆ ಬಂದ ಕೆಲವೇ ವಾರಕ್ಕೆ, ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಮತ್ತೆ ಏರಿತು.

ರಿಜೆಕ್ಷನ್.

ಬಯಾಪ್ಸಿ, ಸ್ಟೆರಾಯ್ಡ್ ಡ್ರಿಪ್. ಅತ್ತೆಗೆ ಹೇಳಬೇಡಿ ಎಂದು ಲೋಕೇಶ್‌ನಿಂದ ಮಾತು ತೆಗೆದುಕೊಂಡೆ. ಅವರು ಕೊಟ್ಟದ್ದನ್ನು ನನ್ನ ಮೈಯೇ ಹೊರದೂಡುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅವರಿಗೆ ಹೇಗೋ ತಿಳಿಯಿತು. ಹೊಟ್ಟೆಗೆ ಬೆಲ್ಟ್ ಬಿಗಿದುಕೊಂಡೇ ಆಸ್ಪತ್ರೆಗೆ ಬಂದು ಕೂತರು. ಐದನೆಯ ದಿನ ಅಂಕಿ ಇಳಿಯಿತು.

ಈ ಕಿಡ್ನಿ ಎಷ್ಟು ವರ್ಷ ಬಾಳುತ್ತದೆಂದು ಡಾಕ್ಟರು ಹೇಳುವುದಿಲ್ಲ. ಗುಳಿಗೆ ತಪ್ಪಿಸುವಂತಿಲ್ಲ, ಜನಸಂದಣಿಗೆ ಹೋಗುವಂತಿಲ್ಲ. ರಿಪೋರ್ಟ್ ಬರುವ ದಿನ ಈಗಲೂ ಮನೆಯೊಳಗೆ ಸುಮ್ಮನೆ ಅಡ್ಡಾಡುತ್ತೇನೆ. ಲ್ಯಾಬಿನ ಆ ಬೇಳೆಕಾಳು ಒಂದು ದಿನ ಕಿಡ್ನಿಯಾಗಲಿ ಎಂದು ಮನಸಾರೆ ಬಯಸುತ್ತೇನೆ. ನನ್ನ ಪಕ್ಕದ ಕುರ್ಚಿಗಳಲ್ಲಿ ಇನ್ನೂ ಕಾಲು ಮಡಚಿ ಚಾಚುತ್ತಿರುವವರಿಗಾದರೂ. ಹಾಗೆಂದು ಅದಕ್ಕಾಗಿ ಬದುಕನ್ನು ತಡೆದು ನಿಲ್ಲಿಸಿಕೊಂಡಿಲ್ಲ. ಮಾಸ್ಕ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೇನೆ.

ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬರುತ್ತಾರೆ. ಹೇಗಿದ್ದೀಯ ಎಂದು ಕೇಳುವುದಿಲ್ಲ. ತಮ್ಮ ಕಿಡ್ನಿ ಕೂರಿಸಿರುವ ನನ್ನ ಹೊಟ್ಟೆಯ ಬಲಗಡೆಗೆ ಗದ್ದದಿಂದಲೇ ಸನ್ನೆ ಮಾಡಿ, "ಹೆಂಗೈತೆ?" ಎನ್ನುತ್ತಾರೆ, ಗಂಡನ ಮನೆಗೆ ಕಳಿಸಿದ ಮಗಳನ್ನು ವಿಚಾರಿಸುವ ಹಾಗೆ.

"ಚೆನ್ನಾಗೈತೆ ಅತ್ತೆ" ಎನ್ನುತ್ತೇನೆ.