ಶನಿಗೊಂದು ಐಪೀಸ್

ಉಪವಾಸ ಬೇಡವೆಂದು ಡಾಕ್ಟರು ಅಮ್ಮನಿಗೆ ಎರಡು ಸಲ ಹೇಳಿದ್ದರು. ಸಕ್ಕರೆ ಕಾಯಿಲೆ, ಮೇಲಾಗಿ ಎಪ್ಪತ್ತು ದಾಟಿದ ವಯಸ್ಸು. ಆದರೆ ಜ್ಯೋತಿಷಿಯೊಬ್ಬರು ನನಗೆ ಸಾಡೇಸಾತಿ ಎಂದದ್ದೇ ತಡ, ಪ್ರತಿ ಶನಿವಾರ ಸಂಜೆಯವರೆಗೆ ಏನೂ ಮುಟ್ಟದೆ ಕೂತುಬಿಡುತ್ತಿದ್ದಳು. ಶನಿ ನನ್ನದು, ಹಸಿವು ಅವಳದು. ಒಂದು ಶನಿವಾರ ದೇವರ ಮನೆಯಲ್ಲೇ ತಲೆ ಸುತ್ತಿ ಬಿದ್ದಳು.

ಅಮ್ಮ ಬೈದರೆ ಕೇಳುವ ಪೈಕಿಯಲ್ಲ. ಶನಿಯನ್ನೇ ತೋರಿಸಿಬಿಟ್ಟರೆ, ಅದು ಬಳೆ ತೊಟ್ಟ ಒಂದು ಗೋಲ ಅಷ್ಟೇ ಎಂದು ಗೊತ್ತಾಗಿ ಭಯ ಬಿಟ್ಟೀತು ಎಂದುಕೊಂಡೆ. ಹಿನಕಲ್‌ನ ನಮ್ಮ ತಾರಸಿಯಲ್ಲಿ ಟೆಲಿಸ್ಕೋಪು ಹೇಗೂ ಇತ್ತು. ಆದರೆ ಕಣ್ಣಿಡುವ ಕಡೆ ಸಿಕ್ಕಿಸುವ ಐಪೀಸ್ ಇಪ್ಪತ್ತೈದು ಎಂಎಂನದು. ಅದರಲ್ಲಿ ಶನಿ ಜೀರಿಗೆ ಕಾಳಿನಷ್ಟು. ಈ ಲೋಕದಲ್ಲಿ ಲೆಕ್ಕ ಉಲ್ಟಾ, ನಂಬರು ಇಳಿದಷ್ಟೂ ಗ್ರಹ ದೊಡ್ಡದು. ಮಂಡಿ ಮೊಹಲ್ಲಾದಲ್ಲಿ ದುರ್ಬೀನು ರಿಪೇರಿ ಮಾಡುವವರೊಬ್ಬರ ಬಳಿ ನಾಲ್ಕು ಎಂಎಂನದು ಕೇಳಿದೆ.

“ನಾಲ್ಕು ಬೇಡಿ ಸಾರ್. ಕಾಣೋ ಜಾಗ ಚಿಕ್ಕದಾಗೋಗುತ್ತೆ. ಅರ್ಧ ನಿಮಿಷದಲ್ಲಿ ಗ್ರಹ ಆಚೆ ಓಡೋಗುತ್ತೆ,” ಎಂದರು.

ನಾನು ಕೇಳಲಿಲ್ಲ, ನಾಲ್ಕನ್ನೇ ಕೊಂಡು ತಂದೆ. ಹಟದಲ್ಲಿ ನಾನು ಅಮ್ಮನ ಮಗನೇ.

“ಅವನ ದೃಷ್ಟಿ ನಿನ್ಮೇಲೆ ಬೀಳ್ದಿರ್ಲಿ ಅಂತ ನಾನು ಒದ್ದಾಡ್ತಿದ್ರೆ, ನೀನೇ ಹೋಗಿ ಅವನ ಮೇಲೆ ಕಣ್ಣು ಹಾಕ್ತೀಯೇನೋ?” ಎಂದಳು ಅಮ್ಮ, ಶನಿಯನ್ನು ತೋರಿಸುತ್ತೇನೆ ಎಂದಾಗ.

“ದರ್ಶನ ಕಣಮ್ಮ,” ಎಂದೆ. ಆ ಮಾತಿಗೆ ಕರಗಿದಳು.

ಶುಕ್ರವಾರ ಸಂಜೆ ಕತ್ತಲಾಗುತ್ತಿದ್ದಂತೆ ಸ್ನಾನ ಮಾಡಿ, ವಿಭೂತಿ ಇಟ್ಟು, ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು ತಾರಸಿಗೆ ಬಂದಳು. ಹೂಟಗಳ್ಳಿ ಕಡೆಯ ಕಾರ್ಖಾನೆ ದೀಪಗಳಿಗೆ ಬೆನ್ನು ಮಾಡಿ, ಹೊಸ ಐಪೀಸಿನಲ್ಲಿ ಶನಿಯನ್ನು ನಟ್ಟನಡುವೆ ನಿಲ್ಲಿಸಿ ಅವಳನ್ನು ಕರೆದೆ. ಅಮ್ಮ ಬಗ್ಗಿ ಕಣ್ಣಿಟ್ಟಳು, ಕೈಮುಗಿದಳು, ಕಣ್ಣು ಮುಚ್ಚಿಕೊಂಡಳು. ಶನಿಸ್ತೋತ್ರ ಪೂರ್ತಿ ಮುಗಿಸಿ ಕಣ್ಣು ಬಿಡುವ ಹೊತ್ತಿಗೆ ಭೂಮಿ ತಿರುಗಿ ಶನಿ ಜಾಗ ಖಾಲಿ ಮಾಡಿದ್ದ.

“ಏನೂ ಇಲ್ವಲ್ಲೋ!”

“ಕಣ್ಣು ಬಿಟ್ಕೊಂಡು ನೋಡಮ್ಮ.”

“ದೇವ್ರ ಮುಂದೆ ಕಣ್ಣು ಬಿಟ್ಕೊಂಡು ನಿಂತ್ಕೊಳ್ಳೋಕೆ ನಾನೇನು ಪೊಲೀಸಾ?”

ಮೂರು ಸಲ ಹೀಗೇ ಆಯಿತು. ಅವಳಿಗೆ ಸೊಂಟ ನೋವು, ನನಗೆ ಸಿಟ್ಟು. ಸೋತು ಹಳೆಯ ಇಪ್ಪತ್ತೈದನ್ನೇ ಸಿಕ್ಕಿಸಿದೆ. ಅದರಲ್ಲಿ ಕಾಣುವ ಆಕಾಶ ಅಗಲ. ಸ್ತೋತ್ರ ಮುಗಿದರೂ ಶನಿ ಬಳೆ ಸಮೇತ ಅಲ್ಲೇ ಇದ್ದ, ಪುಟ್ಟದಾಗಿ. ಅಮ್ಮ ಬಹಳ ಹೊತ್ತು ನೋಡಿದಳು, ಮೆಟ್ಟಿಲಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ಇಷ್ಟು ಚಿಕ್ಕದಾಗಿ ತೋರಿಸಿ ಕೆಲಸ ಕೆಡಿಸಿದೆ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಎಳ್ಳೆಣ್ಣೆ ದೀಪ ಹಚ್ಚಿ, ನೇರ ಅಡುಗೆಮನೆಗೆ ಬಂದು ತಟ್ಟೆ ಹಿಡಿದಳು. “ಎರಡು ಇಡ್ಲಿ ಹಾಕು.”

“ಇವತ್ತು ಶನಿವಾರ ಕಣಮ್ಮ!” ಖುಷಿಯ ಗಾಬರಿಯಲ್ಲಿ ನನ್ನ ಬಾಯಿಂದ ಅದೇ ಬಂತು.

“ಗೊತ್ತು ಬುಡೋ. ಅಷ್ಟು ದೂರದಲ್ಲಿದಾನೆ, ನಾನು ತಿಂದಿದ್ದು ಅವನಿಗೆಲ್ಲಿ ಕಾಣುತ್ತೆ?”