ನಂದಗಡದ ಪಿಕಪ್ ಮತ್ತು ಕೋಡು ಪಿ-2138

ಇದು ಹೋದ ವರ್ಷದ ಮಾತು. ಬೆಳಗಾವಿಯ ಖಾಸಬಾಗದಲ್ಲಿ ನಮ್ಮದೊಂದು ಗ್ಯಾರೇಜಿದೆ. ಎಂಜಿನ್ ಕೆಲಸ ನಮ್ಮ ಯಜಮಾನರದು, ವೈರಿಂಗ್ ನನ್ನದು. ಮುಸಲ್ಮಾನರ ಮನೆಯವಳಾದ್ದರಿಂದ ಗಿರಾಕಿಗಳಿಗೆ ನಾನು ಚಾಚಿ, ಅವರ ಮನೆಯ ಹೆಂಗಸರಿಗೆ ಬೂಬು. ಶಾಲೆಯನ್ನು ಎರಡನೇ ಇಯತ್ತೆಗೇ ಬಿಟ್ಟವಳು ನಾನು. ಗಾಡಿಯ ಒಂದೊಂದು ದೋಷಕ್ಕೆ ಒಂದೊಂದು ಕೋಡು ಕೊಡುವ ಸ್ಕ್ಯಾನರ್ ತೋರಿಸುವ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಕೋಡಿನ ಮುಖ ನೋಡಿದರೆ ಗುರುತು ಹಿಡಿಯುತ್ತೇನೆ.

ನಂದಗಡದ ಈರಪ್ಪನ ಪಿಕಪ್ ತೋರಿಸುತ್ತಿದ್ದುದು ಪಿ-2138. ಊರಿನ ಕಾಯಿಪಲ್ಲೆ ತುಂಬಿಕೊಂಡು ಬೆಳಗಾವಿ ಮಾರ್ಕೆಟ್ಟಿಗೆ ಬರುವ ಗಾಡಿ ಅದು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತೆಂದರೆ ಎಷ್ಟು ತುಳಿದರೂ ಎತ್ತಿನ ಬಂಡಿಯ ಹಾಗೆ ನಡೆಯುತ್ತಿತ್ತು. ಡ್ರೈವರ್ ಎಷ್ಟು ತುಳಿದ ಎಂಬ ಸುದ್ದಿಯನ್ನು ಎಕ್ಸಲರೇಟರ್ ಪೆಡಲ್ ಎರಡು ತಂತಿಗಳಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಈ ಗಾಡಿಯಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರಬೇಕು. ಲೆಕ್ಕ ತಪ್ಪಿದರೆ ಕಂಪ್ಯೂಟರ್ ಎರಡನ್ನೂ ನಂಬದೆ ಗಾಡಿಯ ಓಟವನ್ನೇ ಕಟ್ಟಿಹಾಕುತ್ತದೆ.

ಪೆಡಲಿಗೆ ಆ ತಂತಿಗಳು ಕೂಡುವ ಪ್ಲಗ್ಗಿನ ಕಿಲುಬು ಉಜ್ಜಿ ಕೋಡು ಅಳಿಸಿದೆ. ಮುಂದಿನ ತಿಂಗಳು ಮತ್ತೆ ದೀಪ. ಹೊಸ ಪೆಡಲ್ ಹಾಕಿದೆ. ಮತ್ತೆ ದೀಪ.

"ಚಾಚಿ, ಖಾನಾಪುರದಾಂವ ಒಬ್ಬಾಂವ ಗಾಡಿ ಕೇಳ್ಯಾನ. ಇನ್ನೊಂದ ಸಲ ದೀಪ ಹತ್ತಿದ್ರ ಕೊಟ್ಟಬಿಡ್ತೀನಿ," ಎಂದ ಈರಪ್ಪ. "ಮತ್ತ ಮಂದಿ ಗಾಡಿ ಹೊಡಕೋತ ತಿರಗೂದ ನನ್ನ ಹಣೇಬರಾ."

"ಹಣೇಬರಾ ಪೆಡಲಿನ್ಯಾಗ ಇರೂದಿಲ್ಲ. ದೀಪ ಯಾವಾಗ ಹತ್ತತೈತಿ, ಅದನ್ನ ಹೇಳು."

ತಲೆ ಕೆರೆದುಕೊಂಡ. "ಅಮಾಸಿ ಆದ ಮ್ಯಾಲ ನೋಡ್ರಿ. ಯಾರರ ಮಾಟ ಮಾಡಿಸ್ಯಾರೇನ?"

"ಮಾಟ ಮಾಡಸೂವಷ್ಟ ದೊಡ್ಡ ಮನಶ್ಯಾ ಅಲ್ಲ ನೀ."

ಮುಂದಿನ ಅಮಾವಾಸ್ಯೆಗೆ ಬಸ್ಸು ಹತ್ತಿ ನಂದಗಡಕ್ಕೇ ಹೋದೆ. ಅಂದು ನಮ್ಮ ಕಡೆ ಗಾಡಿ ತೊಳೆದು ಪೂಜೆ ಮಾಡದ ಡ್ರೈವರ್ ಸಿಗುವುದು ಕಷ್ಟ. ಈರಪ್ಪನ ಮನೆಯಲ್ಲಿ ಪೂಜೆ ಅವನ ತಾಯಿ ಗಂಗವ್ವನದು. ನನ್ನದೇ ವಯಸ್ಸಿನಾಕೆ. ಕುಂಕುಮ ಹಚ್ಚಿದಳು, ಊದುಬತ್ತಿ ಬೆಳಗಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಕಾಯಿ ಒಡೆದು, ಡ್ರೈವರ್ ಬಾಗಿಲು ತೆಗೆದು, ನೀರನ್ನೆಲ್ಲ ಪೆಡಲ್ ಮೇಲೆ ಸುರಿದಳು.

"ಯವ್ವಾ, ಅಲ್ಲ್ಯಾಕ ಸುರೀತೀರಿ?"

"ದೇವರಿಗಿ ಪಾದಕ್ಕ ನೀರ ಹಾಕೂದಿಲ್ಲೇನ? ಗಾಡಿ ಪಾದ ಇದ. ನನ್ನ ಮಗಾ ಕಾಲಿಡೂ ಜಾಗಾ."

ಆ ಪಿಕಪ್ಪಿನಲ್ಲಿ ಪೆಡಲ್ ಕೂಡಿಸಿದ್ದು ನೆಲಕ್ಕೆ, ಪ್ಲಗ್ಗು ಅದರ ಬುಡದಲ್ಲಿ. ಕಾಯಿ ನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಪ್ಲಗ್ಗಿನೊಳಗೆ ಇಳಿದರೆ ಪಿನ್ನಿನಿಂದ ಪಿನ್ನಿಗೆ ಕರೆಂಟು ಹರಿಯಲು ದಾರಿಯಾಗಿ ಅರ್ಧದ ಲೆಕ್ಕ ತಪ್ಪುತ್ತದೆ, ಜೊತೆಗೆ ಕಿಲುಬೂ ಹಿಡಿಯುತ್ತದೆ. ಪ್ಲಗ್ಗು ಕಿತ್ತು ಗಂಗವ್ವನ ಬೆರಳಿಗೆ ಮುಟ್ಟಿಸಿದೆ. ಅಂಟಂಟು. ಆಕೆಯ ಮುಖ ಸಣ್ಣದಾಯಿತು. ಮರುಗಳಿಗೆಗೇ ಏರಿ ಬಂದಳು.

"ಹೊಸಾ ಪೆಡಲ್ ಹಾಕಾಕ ಬಂತು, ನನ್ನ ಒಂದ ಮಾತ ಕೇಳಾಕ ಬರಲಿಲ್ಲ! ಈಗ ಪೂಜಿ ಬಿಡ ಅಂತೀಯೇನ?"

"ಬಿಡಬ್ಯಾಡ್ರಿ. ಗಾಡಿಗಿ ನಾಕ ಪಾದ ಹೊರಗ ಅದಾವು. ಅವಕ್ಕ ಹಾಕ್ರಿ."

ಗಂಗವ್ವ ಗಾಲಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಬೊಚ್ಚುಬಾಯಿ ತೆರೆದು ನಕ್ಕಳು. "ಖಾಸಬಾಗದ ಬೂಬು ಬಂದು ನನಗ ಪೂಜಿ ಕಲಸ್ತಾಳ ನೋಡ್ರಿ!"

ಹೊಸ ಪ್ಲಗ್ಗು ಹಾಕಿ, ನೀರಿಳಿಯದಂತೆ ಗ್ರೀಸ್ ತುಂಬಿ, ಮೀಟರ್ ಹಿಡಿದೆ. ಪೆಡಲ್ ತುಳಿಯದೆ ಒಂದು ತಂತಿಯಲ್ಲಿ 0.8 ವೋಲ್ಟ್, ಇನ್ನೊಂದರಲ್ಲಿ 0.4. ಸರಿ ಅರ್ಧ. ಈರಪ್ಪ ಖಾನಾಪುರದ ತನಕ ಓಡಿಸಿಕೊಂಡು ಬಂದ. ಗಾಡಿ ಕೇಳಿದವನಿಗೆ ಕೊಡುವುದಿಲ್ಲವೆಂದು ಅಲ್ಲೇ ಹೇಳಿ ಬಂದಿದ್ದ.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಗಂಗವ್ವನ ಫೋನು. "ಬೂಬು, ದೀಪ ಹತ್ತಲಿಲ್ಲ."

"ಚಲೋ ಆತಲ್ರಿ."

"ಏನ ಚಲೋ? ಇನ್ನ ನೀ ಯಾತಕ್ಕ ಬರ್ತಿ? ಹಂಗ ಬಾ, ರೊಟ್ಟಿ ಬಡೀತೀನಿ."

ಹೋಗಿ ಉಂಡು ಬಂದೆ. ಕೋಡು ಎಲ್ಲಿ ನೋಯುತ್ತಿದೆ ಎಂದು ಹೇಳುತ್ತದೆ. ಯಾಕೆ ಎಂದು ಹೇಳುವುದು ಮನೆಯ ಮಂದಿ. ಒಂದೇ ಕೋಡು ಮತ್ತೆ ಮತ್ತೆ ಬಂದರೆ ನಾನೀಗ ಸ್ಕ್ಯಾನರ್ ಬದಿಗಿಟ್ಟು, ಈ ಗಾಡಿಯ ಮೇಲೆ ಎಲ್ಲರಿಗಿಂತ ಹೆಚ್ಚು ಜೀವ ಇಟ್ಟವರನ್ನು ಕರೆದುಕೊಂಡು ಬಾ ಎನ್ನುತ್ತೇನೆ. ಕೆಡಿಸಿದವರು ಬಹಳ ಸಲ ಅವರೇ ಇರುತ್ತಾರೆ.